ಕಾಗದದ ಹೂ ಕೊಯ್ಯುವ ದಿನ

"ಗುರುಗಳೇ, ನಾನು ಯಾವಾಗ ಪಕ್ವನಾಗುತ್ತೇನೆ?" ಎಂದು ಗುರುಶಾಂತ ಕೇಳಿದ.

ಅವನು ಇದನ್ನು ಕೇಳಿದ್ದು ಮೊದಲ ಸಲವಲ್ಲ. ಹದಿಮೂರು ವರ್ಷದಿಂದ ಅವನು ಆ ಮಠದಲ್ಲಿದ್ದ. ಜೊತೆಗೆ ಬಂದವರೆಲ್ಲ ಕಲಿತು, ಗುರುಗಳ ಕಾಲಿಗೆ ಬಿದ್ದು, ಬೇರೆ ಬೇರೆ ಊರುಗಳಿಗೆ ಪಾಠ ಹೇಳಲು ಹೋಗಿಯಾಗಿತ್ತು. ಅವರಲ್ಲಿ ಇಬ್ಬರು ಓದಿನ ಕಾಲದಲ್ಲಿ ಇವನನ್ನೇ ಕೇಳಿಕೇಳಿ ಅರ್ಥ ತಿಳಿದವರು. ಈಗ ತಾವೇ ಶಿಷ್ಯರನ್ನು ಗದರಿಸುವಷ್ಟು ದೊಡ್ಡವರಾಗಿದ್ದರು. ಬೆಟ್ಟದಾಚೆಯ ಒಂದು ಹಳ್ಳಿಯವರು ತಮ್ಮ ಮಕ್ಕಳಿಗೆ ಪಾಠ ಹೇಳಲು ಗುರುಶಾಂತನನ್ನು ಕಳಿಸಿಕೊಡಿ ಎಂದು ಎರಡು ಸಲ ಬಂದು ಕೇಳಿದ್ದರು. ಎರಡು ಸಲವೂ ಗುರುಗಳು, ಇನ್ನೊಂದು ವರ್ಷ ಮಾಗಲಿ, ಎಂದು ವಾಪಸು ಕಳಿಸಿದ್ದರು. ಈಗ ಮೂರನೆಯ ಸಲ ಆ ಹಳ್ಳಿಯ ಮುದುಕ ಬಂದು ಹೊರಗೆ ಜಗಲಿಯ ಮೇಲೆ ಕೂತಿದ್ದ. ಈ ಸಲವೂ ಇಲ್ಲವೆಂದರೆ ಬೇರೆ ಮಠದಲ್ಲಿ ಕೇಳಿಕೊಳ್ಳುತ್ತೇವೆ ಎಂದು ಅವನು ಬಂದ ಕೂಡಲೇ ಹೇಳಿಬಿಟ್ಟಿದ್ದ.

"ನನಗೆ ಆ ಹಳ್ಳಿಗೆ ಹೋಗಬೇಕೆಂದು ಆಸೆ. ಆದರೆ ನಿಮ್ಮ ಕಣ್ಣಿಗೆ ನಾನಿನ್ನೂ ಕಾಯಿಯಾಗಿದ್ದರೆ ಹಾಗೆಂದು ಹೇಳಿ. ಎಲ್ಲಿ ಒಗರು ಉಳಿದಿದೆಯೋ ತೋರಿಸಿ" ಎಂದ ಗುರುಶಾಂತ.

ಗುರುಗಳು ಜಗಲಿಯ ಕಡೆಗೊಮ್ಮೆ ನೋಡಿದರು. ಆಮೇಲೆ, "ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು. ಗುರುಶಾಂತ ಕೂತ. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಅವನ ಹೆಸರು ನಿನಗೆ ಬೇಡ. ಅವನ ಮಗಳ ಹೆಸರು ಮಾತ್ರ ಹೇಳುತ್ತೇನೆ, ಮಲ್ಲಾಜಿ ಅಂತ. ಏಕೆಂದರೆ ಈ ಕತೆಯಲ್ಲಿ ಬುದ್ಧಿ ಇದ್ದವಳು ಅವಳೊಬ್ಬಳೇ.

ಆ ಸೀಮೆಯಲ್ಲಿ ಮದುವೆಗಳು ನಡೆಯುವುದು ಸುಡುಬೇಸಗೆಯಲ್ಲಿ. ಬೇಸಗೆಯಲ್ಲಿ ಅಲ್ಲಿ ಜಪ್ಪಯ್ಯ ಎಂದರೂ ಒಂದು ಹಸಿ ಹೂ ಸಿಗುವುದಿಲ್ಲ. ಹಾಗಾಗಿ ಜನ ಚಳಿಗಾಲದಲ್ಲೇ ಹೂ ಬೆಳೆದು, ಕೊಯ್ದು, ಒಣಗಿಸಿ ಇಟ್ಟುಕೊಳ್ಳುತ್ತಾರೆ. ಹೆಣ್ಣಿನ ತಂದೆ ತನ್ನ ಹೊಲದಲ್ಲಿ ತಾನೇ ಬೆಳೆದ ಹೂವಿನಿಂದ ಒಂದು ತೋರಣ ಕಟ್ಟಬೇಕು. ಮೊದಲ ಹೂವನ್ನು ಅವನೇ ಕೊಯ್ಯಬೇಕು, ಅವನು ಕೊಯ್ಯುವ ತನಕ ಬೇರೆ ಯಾರೂ ಕೈ ಹಾಕುವಂತಿಲ್ಲ. ಆ ತೋರಣವನ್ನು ಮದುವೆಯ ದಿನ ಹಸೆಮಣೆಯ ಮೇಲ್ಗಡೆ ಚಪ್ಪರಕ್ಕೆ ಕಟ್ಟುತ್ತಾರೆ. ಮದುವೆ ಮುಗಿದ ಮೇಲೆ ಹೆಣ್ಣು ಅದನ್ನು ಗಂಡನ ಮನೆಗೆ ಒಯ್ದು ತಲೆಬಾಗಿಲಿಗೆ ಕಟ್ಟುತ್ತಾಳೆ. ಒಂದು ವರ್ಷ ಅದು ಅಲ್ಲಿರಬೇಕು. ಎಸಳು ಉದುರದೆ ವರ್ಷ ಕಳೆದರೆ ಸೊಸೆಗೆ ಮರ್ಯಾದೆ. ಉದುರಿದರೆ, ಒಂದೊಂದು ಎಸಳು ಗುಡಿಸುವಾಗಲೂ ಅತ್ತೆ ಒಂದೊಂದು ಮಾತಾಡುತ್ತಾಳೆ. ಬಂದು ಹೋಗುವವರೂ ಆಡುತ್ತಾರೆ.

ಇದಕ್ಕೆ ಎಲ್ಲರೂ ಬೆಳೆಯುತ್ತಿದ್ದದ್ದು ಕೋಳಿಜುಟ್ಟಿನ ಹೂ. ಅದು ಬಲು ಸಹನೆಯ ಹೂ. ಗಿಡದಲ್ಲೇ ಬಿಟ್ಟರೆ ಹದಿನೈದು ದಿನ ಹಾಗೇ ನಿಂತಿರುತ್ತದೆ. ಇವತ್ತು ಕೊಯ್ದರೂ ಸರಿ, ಮುಂದಿನ ವಾರ ಕೊಯ್ದರೂ ಸರಿ. ಆದರೆ ನಮ್ಮ ರೈತನಿಗೆ ಎಲ್ಲರೂ ಮಾಡಿದ್ದನ್ನು ಮಾಡಿದರೆ ಊಟ ಸೇರುತ್ತಿರಲಿಲ್ಲ. ಮಲ್ಲಾಜಿಯ ಮದುವೆ ಗೊತ್ತಾದ ವರ್ಷ ಅವನು ದೂರದ ಪೇಟೆಗೆ ಹೋಗಿ, ಒಬ್ಬ ವರ್ತಕನ ಹತ್ತಿರ ಕಾಗದದ ಹೂವಿನ ಬೀಜ ತಂದ. ಮುಟ್ಟಿದರೆ ಎಸಳು ಕಾಗದದ ಹಾಗೆ ಸರಪರ ಎನ್ನುವುದರಿಂದ ಅದಕ್ಕೆ ಆ ಹೆಸರು. ಗಿಡ ಆಳಿನ ಎದೆಮಟ್ಟ ಬೆಳೆಯುತ್ತದೆ. ಬಣ್ಣವೋ, ಹಳದಿ, ಕೆಂಪು, ಕಿತ್ತಳೆ, ತಿಳಿಗೆಂಪು, ಒಂದು ವರ್ಷವಾದರೂ ಮಾಸುವುದಿಲ್ಲ.

ಬೀಜ ಕಟ್ಟಿಕೊಡುವಾಗ ವರ್ತಕ ಒಂದು ಮಾತು ಹೇಳಿದ್ದ. "ನೋಡಪ್ಪ, ಇದನ್ನ ಅರಳೋಕೆ ಮುಂಚೆ ಕುಯ್ಯಬೇಕು. ಹೊರಗಿನ ಎರಡು ಸುತ್ತು ಎಸಳು ಬಿಚ್ಚಿರಬೇಕು, ನಡುವಿನ ಕಣ್ಣು ಮುಚ್ಚಿರಬೇಕು. ಆವತ್ತೇ ಕುಯ್ದುಬಿಡು. ಮಿಕ್ಕದ್ದು ತಾನೇ ಅರಳ್ಕೊಳ್ತದೆ."

ರೈತ ನಕ್ಕುಬಿಟ್ಟ. "ಕುಯ್ದ ಮೇಲೆ ಅರಳೋಕೆ ಅದೇನು ಹೂವೋ ದೆವ್ವವೋ?" ಎಂದ. ವರ್ತಕ ಬೇರೆ ಗಿರಾಕಿಯ ಕಡೆಗೆ ತಿರುಗಿಕೊಂಡ.

ಆ ರೈತನನ್ನು ಸೋಮಾರಿ ಎಂದು ಮಾತ್ರ ಎಣಿಸಬೇಡ, ಗುರುಶಾಂತ. ಅವನಂಥ ಕೆಲಸಗಾರ ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಮಳೆ ನಿಲ್ಲುತ್ತಿದ್ದ ಹಾಗೆ ದಾರಿಯ ಪಕ್ಕದ ಹೊಲವನ್ನು ಮೂರು ಸಲ ಹಸನು ಮಾಡಿದ. ಬೀಜ ಧೂಳಿನಷ್ಟು ಸಣ್ಣದು; ಗಾಳಿಗೆ ಹಾರಿಹೋಗದ ಹಾಗೆ ಬೂದಿಯಲ್ಲಿ ಕಲಸಿ ಉದುರಿಸಿದ. ಸಸಿ ಒಂದು ಗೇಣು ಬಂದಾಗ ನೆತ್ತಿ ಚಿವುಟಿದ. ನೆತ್ತಿ ಚಿವುಟಿದರೆ ಬುಡದಿಂದ ಏಳೆಂಟು ಕವಲು ಬಂದು ಒಂದೊಂದರ ತುದಿಯಲ್ಲೂ ಹೂವಾಗುತ್ತದೆ. ಚಿವುಟಿದ ದಿನ ರಾತ್ರಿ ಅವನು ಸರಿಯಾಗಿ ಉಣ್ಣಲಿಲ್ಲ ಎಂದು ಅವನ ಹೆಂಡತಿ ನೆರೆಯವರಿಗೆ ಹೇಳಿಕೊಂಡು ನಗುತ್ತಿದ್ದಳು. ಗಿಡ ಉದ್ದವಾದ ಮೇಲೆ ಗಾಳಿಗೆ ಬೀಳದಂತೆ ಗೂಟ ನೆಟ್ಟು, ಸಾಲುಸಾಲಿಗೆ ದಾರ ಕಟ್ಟಿದ. ಅಟ್ಟದ ಮೇಲೆ ಬೆಳಕು ಬೀಳದ, ಗಾಳಿಯಾಡುವ ಜಾಗ ಗುಡಿಸಿ, ಹೂಗೊಂಚಲುಗಳನ್ನು ತಲೆಕೆಳಗಾಗಿ ನೇತುಹಾಕಲು ಬಿದಿರುಗಳನ್ನು ಕಟ್ಟಿ, ಬಾಳೆನಾರು ಸೀಳಿ ಇಟ್ಟುಕೊಂಡ. ಇನ್ನು ಕೊಯ್ಯುವುದೊಂದು ಬಾಕಿ.

ಚಳಿಗಾಲ ಮುಗಿಯುವ ಹೊತ್ತಿಗೆ ಮೊಗ್ಗು ಬಂತು. ಹೊರಗಿನ ಎರಡು ಸುತ್ತು ಎಸಳು ಬಿಚ್ಚಿತು. ಮಲ್ಲಾಜಿ ಹೊಲಕ್ಕೆ ಹೋಗಿ ಬಂದು ಹೇಳಿದಳು.

"ಅಪ್ಪಾ, ಹದವಾಗವೆ. ನಾಳೆ ಇಬ್ಬನಿ ಆರುತ್ಲೆ ಕುಯ್ದುಬಿಡಾಣ."

ರೈತ ಕುಡುಗೋಲು ಮಸೆದ. ಬೆಳಿಗ್ಗೆ ಮಿಂದು, ಹಣೆಗಿಟ್ಟುಕೊಂಡು, ಹೊಲಕ್ಕೆ ಹೋದ. ಒಂದು ಕಾಂಡ ಕೈಯಲ್ಲಿ ಹಿಡಿದ. ಅಷ್ಟರಲ್ಲಿ ದಾರಿಯಲ್ಲಿ ಒಬ್ಬ ಬಳೆಗಾರ ಬಂದ. ಅವನು ಹೊಲದ ಎದುರಿಗೆ ಬಂದವನೇ ನಿಂತ. ಬೆನ್ನಿನ ಮಲಾರವನ್ನು ಕೆಳಗಿಳಿಸಿದ. ಬಳೆಗಾರರು ದಾರಿಯಲ್ಲಿ ಸುಮ್ಮಸುಮ್ಮನೆ ಬಳೆಯ ಹೊರೆ ಇಳಿಸುವುದಿಲ್ಲ.

"ಗೌಡ್ರೇ, ಇದನ್ನ ಬೆಳೆದೋರು ನೀವೇನಾ? ನಾನು ಹದಿನೆಂಟು ಊರು ಸುತ್ತೋನು. ಇಂಥಾದ್ದು ಕಂಡಿಲ್ಲ. ಪೂರ್ತಿ ಅರಳಿದ್ರೆ ಇನ್ನು ಹೆಂಗಿರಬೇಡ!"

ಅಷ್ಟೇ ಹೇಳಿದ್ದು. ಬಳೆಗಾರ ಹೊರೆ ಎತ್ತಿಕೊಂಡು ಹೋದ. ರೈತ ಹಿಡಿದ ಕಾಂಡವನ್ನು ಮೆಲ್ಲಗೆ ಬಿಟ್ಟ. ಪೂರ್ತಿ ಅರಳಿದರೆ ಹೇಗಿರಬೇಡ ಎನ್ನುವುದು ಅವನಿಗೂ ಅದೇ ಗಳಿಗೆಯಲ್ಲಿ ತಲೆಗೆ ಹೊಕ್ಕಿತ್ತು. ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದ.

"ಕುಯ್ಯಲಿಲ್ವಾ?" ಎಂದಳು ಮಲ್ಲಾಜಿ.

"ಇಬ್ಬನಿ ಆರಿರಲಿಲ್ಲ ಕಣವ್ವ" ಎಂದ. ಆಗ ಹೊತ್ತು ನೆತ್ತಿಗೆ ಬಂದಿತ್ತು.

ಮಾರನೆಯ ದಿನ ಮಂಗಳವಾರ. ಮಂಗಳವಾರ ಹೂವಿಗೆ ಲೋಹ ಮುಟ್ಟಿಸಬಾರದು ಎಂದ. ಆ ಊರಿನಲ್ಲಿ ಅಂಥ ಶಾಸ್ತ್ರ ಯಾರೂ ಕೇಳಿರಲಿಲ್ಲ. ಬುಧವಾರ ಪಕ್ಕದ ಹಳ್ಳಿಯ ಸಂತೆಗೆ ಹೋಗುವವರು ಹೊಲದ ಮುಂದೆ ಗಾಡಿ ನಿಲ್ಲಿಸಿ ಇಳಿದು ನೋಡಿದರು. ಅವರು ಸಂತೆಗೆ ಹೋಗಿ ಹೇಳಿದರು. ಗುರುವಾರ ಸಂತೆಯಿಂದ ವಾಪಸು ಹೋಗುವವರು ದಾರಿ ಬಳಸಿಕೊಂಡು ಬಂದರು. ಅವರೆಲ್ಲರೂ ಮೂಗಿನ ಮೇಲೆ ಬೆರಳಿಟ್ಟು, ಬೆಳೆದವನು ಯಾರು ಎಂದು ಕೇಳಿದರು. ಕೇಳಿದಾಗ ಹೇಳಲು ಬೆಳೆದವನು ಅಲ್ಲಿ ಇರಬೇಕಲ್ಲ. ರೈತ ಮನೆಯ ಮಣೆಯನ್ನು ತಂದು ಹೊಲದ ಬದಿಯಲ್ಲಿ ಹಾಕಿಕೊಂಡ. ಹೊಲಕ್ಕೆ ಹೋಗುವಾಗ ಮಡಿ ರುಮಾಲು ಸುತ್ತಿಕೊಂಡು ಹೋಗತೊಡಗಿದ. ಗಿಡದ ಬುಡ ಕೆದಕುತ್ತಿದ್ದವನು ದೂರದಲ್ಲಿ ಗಾಡಿಯ ಸದ್ದು ಕೇಳಿದರೆ ಕೈ ಒರೆಸಿಕೊಂಡು, ಏನೂ ಗೊತ್ತಿಲ್ಲದವನ ಹಾಗೆ ಆಕಾಶ ನೋಡುತ್ತ ಕೂರುತ್ತಿದ್ದ. ಹೊಗಳಿದವರಿಗೆ, ಅಯ್ಯೋ ಇದೇನು ಮಹಾ, ಎನ್ನುತ್ತಿದ್ದ. ಹೊಗಳದೆ ಹೋದವರನ್ನು ಕೂಗಿ ಕರೆದು ದಾರಿ ಕೇಳುತ್ತಿದ್ದ, ತನ್ನ ಊರಿನ ದಾರಿಯನ್ನೇ.

ಶುಕ್ರವಾರ ಮಲ್ಲಾಜಿ ಹೊಲಕ್ಕೇ ಬಂದಳು. ಹೂಗಳು ಮುಕ್ಕಾಲು ಅರಳಿದ್ದವು.

"ಅಪ್ಪಾ, ಒಂದು ಹಿಡಿಯಾದ್ರೂ ಕುಯ್ಯಿ. ನೀನು ಒಂದು ಕುಯ್ದರೆ ಮಿಕ್ಕದ್ದು ನಾನು ಕುಯ್ಕೋತೀನಿ. ಆ ತೋರಣದ ಕೆಳಗೆ ಒಂದು ವರ್ಷ ಓಡಾಡೋಳು ನಾನು, ನೀನಲ್ಲ."

"ಒಂದಿನ ತಡಿಯವ್ವ. ಕೋಳಿಜುಟ್ಟು ಕಾಯಲ್ವಾ? ಇದೂ ಕಾಯ್ತದೆ."

"ಅದು ಕೋಳಿಜುಟ್ಟು, ಇದು ಇದು. ವರ್ತಕ ಹೇಳಲಿಲ್ವಾ?"

"ಅವನು ಬೀಜ ಮಾರೋನು. ಬೆಳೆದೋನು ನಾನು" ಎಂದ ರೈತ.

ಮಲ್ಲಾಜಿಗೆ ಅಳು ಬಂತು. ಅಪ್ಪನ ಎದುರು ಅಳಬಾರದೆಂದು ಸಿಟ್ಟು ಮಾಡಿಕೊಂಡು ಮನೆಗೆ ಹೋದಳು. ಅಪ್ಪ ತನ್ನ ಮೇಲೆ ಪ್ರೀತಿ ಇಲ್ಲದವನಲ್ಲ ಎಂದು ಅವಳಿಗೆ ಗೊತ್ತಿತ್ತು. ಈ ಹೂವನ್ನು ಅಷ್ಟು ದೂರ ಹೋಗಿ ತಂದು ಬೆಳೆದದ್ದೇ ಅವಳಿಗಾಗಿ. ಆದರೆ ನಡುದಾರಿಯಲ್ಲಿ ಎಲ್ಲೋ ಆ ಹೂ ಅವಳದಾಗಿರುವುದು ನಿಂತುಹೋಗಿತ್ತು, ಅದು ಅಪ್ಪನಿಗೆ ತಿಳಿದಿರಲಿಲ್ಲ.

ಶನಿವಾರ ರೈತ ಬೀಗರ ಊರಿನ ದಿಕ್ಕಿನ ನಾಲ್ಕು ನೆಂಟರಿಗೆ ಹೇಳಿಕಳಿಸಿದ. ಅವರು ಬಂದು ನೋಡಿ, ಉಂಡು, ಮಲಗಿ ಎದ್ದು, ಮತ್ತೆ ನೋಡಿ ಹೋಗುವಾಗ ಇನ್ನೂ ಎರಡು ದಿನ ಕಳೆದವು. ಹೆಂಡತಿ ಒಲೆಯ ಮುಂದೆ ಬೆಂದುಹೋದಳು. ಒಂಬತ್ತನೆಯ ದಿನ ಹೂಗಳು ಪೂರ್ತಿ ಅರಳಿದವು. ನಿಜ ಹೇಳುತ್ತೇನೆ, ಬಳೆಗಾರ ಅಂದದ್ದು ಸುಳ್ಳಾಗಲಿಲ್ಲ. ಆ ಹೊಲವನ್ನು ನೋಡಿದರೆ ಯಾರಿಗಾದರೂ ಹೊಟ್ಟೆ ತುಂಬುತ್ತಿತ್ತು. ಆವತ್ತು ದಾರಿಯಲ್ಲಿ ಹೋದವನು ಒಬ್ಬ ಕುರುಬ ಮಾತ್ರ. ಅವನು ಹೂ ನೋಡಲಿಲ್ಲ, ತನ್ನ ಕುರಿಗಳು ಹೊಲಕ್ಕೆ ನುಗ್ಗದ ಹಾಗೆ ನೋಡಿಕೊಂಡು ಹೋದ. ನೋಡುವವರು ಮುಗಿದರು ಎಂದು ಆವಾಗ ರೈತನಿಗೆ ಹೊಳೆಯಿತು. ಹತ್ತನೆಯ ದಿನ ಕೊಯ್ದ.

ಕೊಯ್ದದ್ದೂ ಶಾಸ್ತ್ರೋಕ್ತವಾಗಿಯೇ. ಇಬ್ಬನಿ ಆರಿದ ಮೇಲೆ ಉದ್ದುದ್ದ ಕಾಂಡ ಬಿಟ್ಟು ಕೊಯ್ದ, ಎಲೆ ಸವರಿದ, ಹತ್ತು ಹತ್ತು ಸೇರಿಸಿ ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಮೇಲೆ ತಲೆಕೆಳಗಾಗಿ ನೇತುಹಾಕಿದ. ನಾಲ್ಕು ದಿನ ಬಿಟ್ಟು ಏಣಿ ಹತ್ತಿ ಇಣುಕಿದ. ವರ್ತಕ ಹೇಳಿದ್ದು ನಿಜವಾಗಿತ್ತು. ಹೂಗಳು ಕೊಯ್ದ ಮೇಲೂ ಅರಳುತ್ತಿದ್ದವು.

"ಲೇ, ಅರಳ್ತಾ ಅವೆ ಕಣ್ರೇ! ಇನ್ನೂ ಅರಳ್ತಾ ಅವೆ!" ಎಂದು ಮೇಲಿನಿಂದಲೇ ಕೂಗಿದ. ಹಿಗ್ಗಿ ಹೀರೇಕಾಯಿಯಾಗಿ ಇಳಿದು ಬಂದ.

ಮಲ್ಲಾಜಿ ಹತ್ತಿ ನೋಡಿದಳು. ಅರಳುವುದನ್ನೆಲ್ಲ ಗಿಡದಲ್ಲೇ ಮುಗಿಸಿ ಬಂದ ಹೂವು ಕೊಯ್ದ ಮೇಲೂ ಅರಳಿದರೆ ಏನಾಗುತ್ತದೆ? ಎಸಳುಗಳು ಗಾಳಿಗೆ ಸಿಕ್ಕ ಛತ್ರಿಯ ಹಾಗೆ ಹಿಂದಕ್ಕೆ ಮಡಚಿಕೊಂಡಿದ್ದವು. ನಡುವಿನ ಹಳದಿ ಕಣ್ಣು ಉಬ್ಬಿ ಹೊರಗೆ ಬಂದು ಬೂದುಬಣ್ಣದ ತುಪ್ಪಳವಾಗುತ್ತಿತ್ತು. ಹೂವು ಬೀಜ ಕಟ್ಟಿ, ಬೀಜಕ್ಕೊಂದು ರೆಕ್ಕೆ ಕೊಟ್ಟು, ಹಾರಿಹೋಗಲು ತಯಾರಾಗುತ್ತಿತ್ತು. ಅವಳು ಒಂದನ್ನು ಉಫ್ ಎಂದು ಊದಿದಳು. ಕೈಯಲ್ಲಿ ಬರಿ ಕಡ್ಡಿ ಉಳಿಯಿತು. ಅವಳು ಕೆಳಗಿಳಿದು ಆ ಕಡ್ಡಿಯನ್ನು ಅಪ್ಪನ ಕೈಯಲ್ಲಿಟ್ಟಳು.

ರೈತ ಹೊಲಕ್ಕೆ ಓಡಿದ. ಮದುವೆಗೆ ಒಂದೇ ತಿಂಗಳಿತ್ತು. ಹೊಲದಲ್ಲಿ ಒಂದು ಮೊಗ್ಗೂ ಉಳಿದಿರಲಿಲ್ಲ. ಈ ಗಿಡ ಒಂದು ಸಲ ಹೂ ಬಿಟ್ಟು ಒಣಗಿಹೋಗುವ ಜಾತಿ. ಬೇರೆಯವರ ಕೋಳಿಜುಟ್ಟನ್ನು ಕೇಳಿ ತರುವ ಹಾಗಿಲ್ಲ, ತಂದೆ ತಾನೇ ಬೆಳೆದದ್ದಾಗಬೇಕು. ಅವನು ಆ ರಾತ್ರಿಯೆಲ್ಲ ಯೋಚನೆ ಮಾಡಿದ. ಯೋಚನೆ ಮಾಡಿದ್ದೇ ತಪ್ಪಾಯಿತು. ಬೆಳಿಗ್ಗೆ ಎದ್ದು ಹೆಂಡತಿಗೆ ಒಂದು ಹಂಡೆ ಗಂಜಿ ಕಾಯಿಸಲು ಹೇಳಿದ. ಮಡಿ ಪಂಚೆಗೆ ಗಂಜಿ ಹಾಕಿದರೆ ಸೆಟೆದು ನಿಲ್ಲುತ್ತದೆ, ಹೂವಿಗೆ ಹಾಕಿದರೆ ಏಕೆ ನಿಲ್ಲಬಾರದು? ಒಂದೊಂದೇ ಹೂವನ್ನು ಉಸಿರು ಬಿಗಿಹಿಡಿದು ಗಂಜಿಯಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿದ. ತುಪ್ಪಳ ಅಂಟಿಕೊಂಡಿತು. ಎಸಳು ಅಂಟಿಕೊಂಡಿತು. ಎರಡು ದಿನ ಇರುವೆಗಳ ಸಾಲು ಅಟ್ಟಕ್ಕೆ ಹತ್ತಿ ಇಳಿಯಿತು. ದೂರದಿಂದ ನೋಡಿದರೆ ತೋರಣ ಚೆನ್ನಾಗಿಯೇ ಕಾಣುತ್ತಿತ್ತು. ಹತ್ತಿರದಿಂದ ನೋಡಿದರೆ ಹಪ್ಪಳ ಪೋಣಿಸಿದ ಹಾಗಿತ್ತು.

"ಯಾರೂ ಹತ್ತಿರದಿಂದ ನೋಡಲ್ಲ" ಎಂದ ರೈತ.

ಮದುವೆಯ ದಿನ ಬಂತು. ಚಪ್ಪರದಲ್ಲಿ ಹಸೆಮಣೆಯ ನೇರಕ್ಕೆ ತೋರಣ ಕಟ್ಟಿದರು. ಬೀಗರು ಬಂದರು. ಗಂಡಿನ ತಾಯಿ ಕತ್ತೆತ್ತಿ ನೋಡಿ, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದಳು. ರೈತ ಉಸಿರುಬಿಟ್ಟ. ಮಲ್ಲಾಜಿ ತಲೆತಗ್ಗಿಸಿ ಕೂತಿದ್ದಳು, ಆದರೆ ಕಣ್ಣು ಮಾತ್ರ ಮೇಲೇ ಇತ್ತು. ಹೋಮದ ಬೆಂಕಿ ಉರಿಯಿತು. ಬೇಸಗೆಯ ಬಿಸಿಲು, ಕೆಳಗಿನಿಂದ ಬೆಂಕಿಯ ಬಿಸಿ. ಗಂಜಿ ಮೆಲ್ಲಗೆ ಸೀಳು ಬಿಡತೊಡಗಿತು. ಅದು ಯಾರಿಗೂ ಕಾಣಲಿಲ್ಲ.

ತಾಳಿ ಕಟ್ಟುವ ಗಳಿಗೆಯಲ್ಲಿ ಗಟ್ಟಿಮೇಳ ಏಕೆ ಬಾರಿಸುತ್ತಾರೆ ನಿನಗೆ ಗೊತ್ತೇ ಇದೆ. ಆ ಹೊತ್ತಿನಲ್ಲಿ ಯಾರಾದರೂ ಸೀನಿದರೆ, ಕೆಟ್ಟ ಮಾತಾಡಿದರೆ, ಅದು ವಧೂವರರ ಕಿವಿಗೆ ಬೀಳಬಾರದು ಎಂದು. ಪುರೋಹಿತ ಕೈ ಎತ್ತಿ, "ಗಟ್ಟಿಮೇಳ!" ಎಂದ. ಡೋಲಿನವನು ಬಲು ಹುರುಪಿನ ಆಳು. ಅವನು ಬಾರಿಸಿದ ಏಟಿಗೆ ಚಪ್ಪರದ ಗಳುಗಳು ಅದುರಿದವು. ಗಂಜಿ ಒಡೆಯಿತು. ತಿಂಗಳಿಂದ ಅದುಮಿಟ್ಟಿದ್ದ ತುಪ್ಪಳವೆಲ್ಲ ಒಟ್ಟಿಗೆ ಬಿಡುಗಡೆಯಾಗಿ ಹಸೆಮಣೆಯ ಮೇಲೆ ಇಳಿಯಿತು.

ಮೊದಲು ಸೀನಿದವನು ಪುರೋಹಿತ. ಒಂದೇ ಸೀನು, ಆದರೆ ಡೋಲನ್ನೂ ಮೀರಿಸುವಂಥದ್ದು. ಮೇಳ ಗಕ್ಕನೆ ನಿಂತಿತು. ಒಂಟಿ ಸೀನು ಅಪಶಕುನ. ಜೋಡಿಯಾದರೆ ದೋಷವಿಲ್ಲ. ಎಲ್ಲರೂ ಪುರೋಹಿತನ ಮೂಗನ್ನೇ ನೋಡುತ್ತ ಕಾದರು. ಅವನು ಬಾಯಿ ತೆರೆದ, ಕಣ್ಣು ಮುಚ್ಚಿದ, ಸೂರ್ಯನ ಕಡೆಗೆ ಮುಖ ಮಾಡಿದ, ಎರಡನೆಯದು ಬರಲಿಲ್ಲ. ಗಂಡಿನ ಕಡೆಯ ಒಬ್ಬ ಮುದುಕಿ ಸೊಂಟದಿಂದ ನಶ್ಯದ ಡಬ್ಬಿ ತೆಗೆದು ಅವನ ಮೂಗಿಗೆ ಹಿಡಿದಳು. ಒಂದಲ್ಲ, ಎರಡು ಬಂತು. ಒಟ್ಟು ಮೂರಾಯಿತು. ಮೂರೆಂದರೆ ಒಂದು ಜೋಡಿ, ಮತ್ತೊಂದು ಒಂಟಿ ಎಂದು ಹೆಣ್ಣಿನ ಕಡೆಯವರು ವಾದಿಸಿದರು. ಮೂರೂ ಸೇರಿ ಒಂಟಿಯೇ ಎಂದು ಗಂಡಿನ ಕಡೆಯವರು. ಅಷ್ಟರಲ್ಲಿ ಮದುಮಗ ಸೀನಿದ. ನಾಲ್ಕು! "ಸರಿಹೋಯ್ತು, ಬಾರಿಸ್ರೋ!" ಎಂದು ಹತ್ತು ಜನ ಕೂಗಿದರು. ಡೋಲಿನವನು ಬಾರಿಸಿದ. ಇನ್ನೊಂದು ಕಂತು ತುಪ್ಪಳ ಇಳಿಯಿತು. ಮದುಮಗ ಮತ್ತೆ ಸೀನಿದ, ಅವನ ತಾಯಿ ಸೀನಿದಳು, ಓಲಗದವನು ಊದುವ ಬದಲು ಒಳಕ್ಕೆಳೆದುಕೊಂಡು ಕೆಮ್ಮುತ್ತ ಕೂತ. ಎಣಿಸುತ್ತಿದ್ದವನೇ ಸೀನಿದ, ತನ್ನದನ್ನು ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂದು ತಿಳಿಯದೆ ಲೆಕ್ಕವೇ ತಪ್ಪಿತು. ಮುಹೂರ್ತ ಮೀರುತ್ತಿತ್ತು. ರೈತ ಚಪ್ಪರದ ಕಂಬ ಹಿಡಿದು ನಿಂತಿದ್ದ. ಅವನ ಮೂಗಿಗೂ ತುಪ್ಪಳ ಹೋಗಿತ್ತು, ಆದರೆ ಅವನಿಗೆ ಸೀನುವಷ್ಟು ಧೈರ್ಯವೂ ಉಳಿದಿರಲಿಲ್ಲ.

ಆಗ ಹಸೆಮಣೆಯ ಮೇಲಿಂದ ಮಲ್ಲಾಜಿ ತಲೆಯೆತ್ತಿದಳು. ಮದುಮಗಳು ಮಾತಾಡಬಾರದು. ಅವಳು ಮಾತಾಡಿದಳು.

"ಮೇಳ ನಿಲ್ಸಿ. ಎಲ್ರೂ ಮೂಗು ಹಿಡ್ಕೊಳ್ಳಿ. ಸುಮ್ನೆ ಕಟ್ಟಲಿ."

ಮೇಳ ನಿಂತಿತು. ಮುನ್ನೂರು ಜನ ತಂತಮ್ಮ ಮೂಗು ಹಿಡಿದುಕೊಂಡರು. ಪುರೋಹಿತ ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಕೈಯಲ್ಲಿ ತಾಳಿ ಎತ್ತಿಕೊಟ್ಟ. ಮಂತ್ರವೆಲ್ಲ ಮೂಗಿನಿಂದಲೇ ಬಂತು. ಮದುಮಗನಿಗೆ ಗಂಟು ಹಾಕಲು ಎರಡು ಕೈಯೂ ಬೇಕಾದ್ದರಿಂದ ಅವನ ಮೂಗನ್ನು ಅವನ ತಾಯಿ ಹಿಡಿದಳು. ಹಾಗೆ ಮದುವೆ ಆಯಿತು. ಆ ಸೀಮೆಯಲ್ಲಿ ಸದ್ದಿಲ್ಲದೆ ಆದ ಮದುವೆ ಅದೊಂದೇ.

ಊಟದ ಹೊತ್ತಿಗೆ ಎಲ್ಲರೂ ನಗುತ್ತಿದ್ದರು. ರೈತನೂ ನಗಲು ನೋಡಿದ. ಆಮೇಲೆ ತೋರಣ ಬಿಚ್ಚುವ ಹೊತ್ತು ಬಂತು. ಅದರಲ್ಲಿ ಒಂದು ಎಸಳೂ ಇರಲಿಲ್ಲ. ನೂರೈವತ್ತು ಬೋಳು ಕಡ್ಡಿಗಳು, ಬಾಳೆನಾರಿನಲ್ಲಿ ಬಲು ಅಚ್ಚುಕಟ್ಟಾಗಿ ಕಟ್ಟಿದ್ದವು. ರೈತ ಅದನ್ನು ಮುಚ್ಚಿಡಲು ಹೋದ. ಮಲ್ಲಾಜಿ ಕೈಚಾಚಿ ಇಸಿದುಕೊಂಡಳು. ಹಳೆಯ ಪದ್ಧತಿ, ಬಿಡುವ ಹಾಗಿಲ್ಲ. ಗಾಡಿ ಹತ್ತಿ, ಕಡ್ಡಿಗಳನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು.

ಆರು ತಿಂಗಳ ಮೇಲೆ ರೈತ ಮಗಳನ್ನು ಹಬ್ಬಕ್ಕೆ ಕರೆಯಲು ಬೀಗರ ಮನೆಗೆ ಹೋದ. ತಲೆಬಾಗಿಲಲ್ಲಿ ಕಡ್ಡಿಗಳು ನೇತಾಡುತ್ತಿದ್ದವು. ಯಾರೋ ಹೊಸಬಳು, ಮೊರ ವಾಪಸು ಕೊಡಲು ಬಂದ ನೆರೆಯವಳು, ಅದೇನೇ ಅದು ಬಾಗಿಲ ಮೇಲೆ ಎಂದು ಮಲ್ಲಾಜಿಯನ್ನು ಕೇಳುತ್ತಿದ್ದಳು. ಅಪ್ಪ ಹೊರಗೆ ನಿಂತದ್ದನ್ನು ಮಲ್ಲಾಜಿ ಕಂಡಿರಲಿಲ್ಲ.

"ನಮ್ಮಪ್ಪ ಬೆಳೆದ ಹೂವು ಕಣಮ್ಮ" ಎಂದಳು ಅವಳು. "ಹೊಲದಲ್ಲಿ ಬಲು ಚೆಂದ ಇದ್ವು."

ಅವಳು ಅದನ್ನು ಕೊಂಕಾಗಿ ಹೇಳಲಿಲ್ಲ. ಅಪ್ಪನ ಮಾನ ಕಾಯಲು ಹೇಳಿದಳು. ಹೊಲದಲ್ಲಿ ರೈತ ಕೇಳಿದ ಹೊಗಳಿಕೆಗಳಲ್ಲಿ ಇಂಥದ್ದು ಒಂದೂ ಇರಲಿಲ್ಲ, ಇಂಥ ಏಟೂ ಅವನಿಗೆ ಯಾವತ್ತೂ ಬಿದ್ದಿರಲಿಲ್ಲ. ಅವನು ಆ ಬಾಗಿಲು ದಾಟಿ ಒಳಗೆ ಹೋಗಲಿಲ್ಲ. ಹಿತ್ತಲ ಕಡೆಯಿಂದ ಬಳಸಿ ಹೋದ. ಮುಂದಿನ ವರ್ಷ ಅವನು ಮತ್ತೆ ಕಾಗದದ ಹೂ ಬೆಳೆದ. ಎರಡು ಸುತ್ತು ಎಸಳು ಬಿಚ್ಚಿದ ದಿನವೇ ಕೊಯ್ದ. ಅವು ಅಟ್ಟದ ಕತ್ತಲಲ್ಲಿ ಯಾರೂ ನೋಡದೆ ತಮ್ಮಷ್ಟಕ್ಕೆ ಅರಳಿ, ಅಷ್ಟಕ್ಕೇ ನಿಂತವು. ಒಂದು ಎಸಳೂ ಉದುರಲಿಲ್ಲ. ಆದರೆ ಅವನಿಗಿದ್ದವಳು ಒಬ್ಬಳೇ ಮಗಳು.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಜಗಲಿಯ ಮೇಲೆ ಬೆಟ್ಟದಾಚೆಯ ಹಳ್ಳಿಯ ಮುದುಕ ಕೆಮ್ಮಿದ. ಗುರುಶಾಂತ ಸೀನಿನ ಭಾಗದಲ್ಲಿ ತಡೆಯಲಾರದೆ ನಕ್ಕಿದ್ದ, ಈಗ ಅವನ ಮುಖ ಸಪ್ಪಗಾಗಿತ್ತು. ಕತೆಯನ್ನು ತನಗೆ ಹೇಗೆ ಹಚ್ಚಿಕೊಳ್ಳಬೇಕೆಂದು ಅವನು ಹುಡುಕುತ್ತಿದ್ದ. ಹದಿಮೂರು ವರ್ಷದಿಂದ ಅವನಿಗೆ ಅದೇ ಅಭ್ಯಾಸ. ಯಾವ ಕತೆ ಕೇಳಿದರೂ ಅದರಲ್ಲಿ ತಪ್ಪು ಮಾಡಿದವನು ಯಾರೋ ಅವನೇ ತಾನು ಎಂದುಕೊಳ್ಳುತ್ತಿದ್ದ.

"ಗೊತ್ತಾಯಿತು, ಗುರುಗಳೇ" ಎಂದ ಅವನು ಕೈಮುಗಿದು. "ಆ ರೈತನಿಗಿದ್ದ ಜಂಬ ನನ್ನಲ್ಲೂ ಇದೆ. ಎಲ್ಲಿ ಇದೆಯೋ ಹೇಳಿ, ತಿದ್ದಿಕೊಳ್ಳುತ್ತೇನೆ. ಅದಕ್ಕೆ ಇನ್ನೆರಡು ವರ್ಷ ಬೇಕಾದರೂ ಇರುತ್ತೇನೆ."

ಗುರುಗಳು ಎದ್ದು, ಗೂಟದಲ್ಲಿದ್ದ ಗುರುಶಾಂತನ ಜೋಳಿಗೆಯನ್ನು ತಾವೇ ತೆಗೆದು ಅವನ ಹೆಗಲಿಗೆ ಹಾಕಿದರು.

"ಆ ಜಂಬ ಇದ್ದದ್ದು ನಿನ್ನಲ್ಲಲ್ಲಪ್ಪ; ಈ ಮಠಕ್ಕೆ ಬಂದವರೆಲ್ಲ ನಿನ್ನ ಪಾಠ ಕೇಳಿ ನನ್ನನ್ನು ಹೊಗಳಿ ಹೋಗುತ್ತಿದ್ದರು" ಎಂದರು.

ಗುರುಶಾಂತ ಗುರುಗಳ ಕಾಲಿಗೆ ಬಿದ್ದು, ಜಗಲಿಯಲ್ಲಿ ಕಾಯುತ್ತಿದ್ದ ಮುದುಕನ ಬಳಿಗೆ ಹೋದ.